ಬಳ್ಳಾರಿಯ ಬಾಣಂತಿಯರು: ಸದನ ಕೇಳಿದ್ದು, ನಾವು ಕೇಳಬೇಕಾದದ್ದು

ಕಾಯಕಕ್ಕೆ ಕಾಯವೇ ಮೊದಲ ಸಾಧನ. ಆ ಕಾಯವನ್ನು ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ಈ ಆರೋಗ್ಯ ವಿಭಾಗದಲ್ಲಿ ನಾವು ತಿಂಗಳು ತಿಂಗಳೂ ಬರೆಯುತ್ತ ಬಂದಿದ್ದೇವೆ. ಮಿತಾಹಾರ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಕ್ಕಳ ಲಸಿಕೆ ಮುಂತಾದವು ನಮ್ಮ ಸಾಮಾನ್ಯ ವಿಷಯಗಳು. ಈ ಸಂಚಿಕೆಯಲ್ಲಿ ಅವುಗಳಿಂದ ತುಸು ಆಚೆಗೆ ಹೋಗಬೇಕಾಗಿದೆ. ದಾಬಸ್‌ಪೇಟೆಯಲ್ಲಿ ಒಬ್ಬ ತಾಯಿ ಕೇಳಿದ ಪ್ರಶ್ನೆ ಅದಕ್ಕೆ ಕಾರಣ.

ಶಿವಾನುಭವ ಗೋಷ್ಠಿ ಮುಗಿದು ಪ್ರಸಾದದ ಪಂಕ್ತಿ ಕುಳಿತಿತ್ತು. ಸೋಂಪುರ ಹೋಬಳಿಯ ಹಳ್ಳಿಯೊಂದರಿಂದ ಬಂದಿದ್ದ ಆ ತಾಯಿ ನಮ್ಮ ಬಳಿ ಬಂದು ಮೆಲ್ಲನೆ ಕೇಳಿದರು: “ಮೇಷ್ಟ್ರೇ, ನನ್ನ ಮಗಳಿಗೆ ಈಗ ಎಂಟು ತಿಂಗಳು. ಬಳ್ಳಾರಿಲಿ ಬಾಣಂತೀರಿಗೆ ಹಾಕಿದ್ರಲ್ಲ ಗ್ಲೂಕೋಸ್ ಬಾಟ್ಲಿ, ಅದು ನಮ್ ಕಡೆ ಆಸ್ಪತ್ರೆಗೂ ಬಂದಿತ್ತಾ? ಇದನ್ನ ಯಾರನ್ನ ಕೇಳ್ಬೇಕು?”

ನಮಗೆ ಆ ಕ್ಷಣದಲ್ಲಿ ಸರಿಯಾದ ಉತ್ತರ ತೋಚಲಿಲ್ಲ. ‘ವೈದ್ಯರನ್ನು ಕೇಳಿ’ ಎನ್ನಬಹುದಾಗಿತ್ತು. ಆದರೆ ವೈದ್ಯರು ಆ ಬಾಟಲಿಯನ್ನು ಕೊಂಡವರಲ್ಲ, ಪರೀಕ್ಷಿಸಿದವರೂ ಅಲ್ಲ. ಕೊಂಡವರು ಒಬ್ಬರು, ತಯಾರಿಸಿದವರು ಮತ್ತೊಬ್ಬರು, ಪರೀಕ್ಷಿಸಿದವರು ಬೇರೊಬ್ಬರು, ಬಳಸಲು ಒಪ್ಪಿಗೆ ಕೊಟ್ಟವರು ಇನ್ನೊಬ್ಬರು. ಇವರೆಲ್ಲರನ್ನೂ ಒಂದೆಡೆ ನಿಲ್ಲಿಸಿ ಉತ್ತರ ಪಡೆಯುವ ಅಧಿಕಾರವಿರುವುದು ನಾವು ಮತ ಕೊಟ್ಟು ಕಳುಹಿಸಿದ ಸದನಕ್ಕೆ. ಆ ಸದನವು ಆರೋಗ್ಯ ವ್ಯವಸ್ಥೆಯ ಲೋಪಗಳನ್ನು ಹೇಗೆ ವಿಚಾರಿಸುತ್ತದೆ, ಎಲ್ಲಿ ಸೋಲುತ್ತದೆ, ಅದು ಸೋಲದಂತೆ ನೋಡಿಕೊಳ್ಳುವಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ಭಕ್ತಾದಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಬಳ್ಳಾರಿಯಲ್ಲಿ ನಡೆದದ್ದು

2024ರ ನವೆಂಬರ್ 9ರಿಂದ 11ರವರೆಗಿನ ಮೂರು ದಿನಗಳಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ 34 ಮಂದಿ ಗರ್ಭಿಣಿಯರಿಗೆ ಸಿಸೇರಿಯನ್ ಶಸ್ತ್ರಚಿಕಿತ್ಸೆ ನಡೆಯಿತು. ಅವರಲ್ಲಿ ಏಳು ಮಂದಿಗೆ ಹೆರಿಗೆಯಾದ ಕೆಲವೇ ಸಮಯದಲ್ಲಿ ಮೂತ್ರಪಿಂಡ ಕೆಟ್ಟಿತು. ಬಳಿಕ ಒಂದೊಂದಾಗಿ ಬೇರೆ ಅಂಗಗಳೂ ಕೈಕೊಟ್ಟವು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ಬಾಣಂತಿಯರು ಅಸುನೀಗಿದ್ದರು. ತಾಯಿಯ ಹಾಲನ್ನು ಕಾಣದೆಯೇ ಹಸುಗೂಸುಗಳು ಅಜ್ಜಿಯರ ಮಡಿಲು ಸೇರಿದವು.

ಒಂದೇ ಆಸ್ಪತ್ರೆ, ಒಂದೇ ವಾರ, ಒಂದೇ ಬಗೆಯ ಲಕ್ಷಣ. ಹೀಗಾದಾಗ ಎಲ್ಲರಿಗೂ ಸಮಾನವಾಗಿ ಕೊಟ್ಟದ್ದೇನು ಎಂದು ಹುಡುಕುವುದು ವೈದ್ಯಶಾಸ್ತ್ರದ ಕ್ರಮ. ಶಂಕೆ ಹೋದದ್ದು ರಕ್ತನಾಳದ ಮೂಲಕ ಕೊಡುವ ‘ರಿಂಗರ್ ಲ್ಯಾಕ್ಟೇಟ್’ ಎಂಬ ದ್ರಾವಣದ ಮೇಲೆ. ಅದನ್ನು ಸರಬರಾಜು ಮಾಡಿದ್ದು ಪಶ್ಚಿಮ ಬಂಗಾ ಫಾರ್ಮಾಸ್ಯುಟಿಕಲ್ಸ್ ಎಂಬ ಸಂಸ್ಥೆ. ಆ ವರ್ಷದಲ್ಲಿ ಅದೇ ಸಂಸ್ಥೆಯ ದ್ರಾವಣದ ಗುಣಮಟ್ಟದ ಬಗ್ಗೆ ರಾಜ್ಯದಲ್ಲಿ ಮೊದಲೇ ದೂರುಗಳೆದ್ದು ಬಳಕೆಯನ್ನು ತಡೆಹಿಡಿಯಲಾಗಿತ್ತು. ಆಮೇಲೆ ತಡೆಯ ಒಂದು ಭಾಗವನ್ನು ಸಡಿಲಿಸಲಾಗಿತ್ತು ಎಂಬ ಸಂಗತಿ ಹೊರಬಂದಾಗ ನಾಡಿನ ನೋವು ಆಕ್ರೋಶಕ್ಕೆ ತಿರುಗಿತು.

ನವೆಂಬರ್ ಕೊನೆಯಲ್ಲಿ ಮುಖ್ಯಮಂತ್ರಿಗಳು ಸಭೆ ನಡೆಸಿದರು. ರಾಜ್ಯ ಔಷಧ ನಿಯಂತ್ರಕರು ಅಮಾನತುಗೊಂಡರು. ಸಂಸ್ಥೆಯ ವಿರುದ್ಧ ಕಾನೂನು ಕ್ರಮಕ್ಕೆ ಸೂಚನೆ ಹೊರಟಿತು. ಡಿಸೆಂಬರ್ 9ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಆರಂಭವಾದಾಗ ಬಾಣಂತಿಯರ ಸಾವು ಸದನದ ವಿಷಯವಾಯಿತು. ವಿರೋಧ ಪಕ್ಷದವರು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು, ಆರೋಗ್ಯ ಸಚಿವರಾದ ದಿನೇಶ್ ಗುಂಡೂರಾವ್ ಅವರು ಉತ್ತರಿಸಬೇಕಾಯಿತು.

ಆ ದ್ರಾವಣ ಎಂಥದು?

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ರಿಂಗರ್ ಲ್ಯಾಕ್ಟೇಟ್ ವಿಷವಲ್ಲ, ಜೀವರಕ್ಷಕ. ನಮ್ಮ ಜನ ಎಲ್ಲ ಬಾಟಲಿಗಳನ್ನೂ ಗ್ಲೂಕೋಸ್ ಎಂದೇ ಕರೆಯುವುದುಂಟು. ಇದರಲ್ಲಿ ಗ್ಲೂಕೋಸ್ ಇರುವುದಿಲ್ಲ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಲವಣಗಳೂ ಲ್ಯಾಕ್ಟೇಟ್ ಎಂಬ ಅಂಶವೂ ಶುದ್ಧ ನೀರಿನಲ್ಲಿ ಬೆರೆತಿರುತ್ತವೆ. ಶಸ್ತ್ರಚಿಕಿತ್ಸೆಗಾಗಿ ಬೆನ್ನಿಗೆ ಅರಿವಳಿಕೆ ಕೊಟ್ಟಾಗ ರಕ್ತದೊತ್ತಡ ಇಳಿಯುತ್ತದೆ, ಹೆರಿಗೆಯಲ್ಲಿ ರಕ್ತವೂ ಹೋಗುತ್ತದೆ. ಆ ಕೊರತೆಯನ್ನು ತುಂಬಲು ಜಗತ್ತಿನಾದ್ಯಂತ ಇದನ್ನೇ ಬಳಸುತ್ತಾರೆ.

ಅಪಾಯವಿರುವುದು ತಯಾರಿಕೆಯ ಶುದ್ಧಿ ಕೆಟ್ಟಾಗ. ಬಾಯಿಂದ ಹೋದ ಪದಾರ್ಥಕ್ಕೆ ಜಠರದ ಕಾವಲಿದೆ. ರಕ್ತನಾಳಕ್ಕೆ ನೇರವಾಗಿ ಹೋದುದಕ್ಕೆ ಅಂಥ ಕಾವಲಿಲ್ಲ. ಸೂಕ್ಷ್ಮಜೀವಿಗಳು ಸತ್ತ ಮೇಲೂ ಅವುಗಳ ಹೊರಕವಚದ ತುಣುಕುಗಳು ದ್ರಾವಣದಲ್ಲಿ ಉಳಿಯಬಹುದು. ಇವನ್ನು ‘ಎಂಡೋಟಾಕ್ಸಿನ್’ ಎನ್ನುತ್ತಾರೆ. ಕಣ್ಣಿಗೆ ದ್ರಾವಣ ತಿಳಿಯಾಗಿಯೇ ಕಾಣುತ್ತದೆ, ಕುದಿಸಿದರೂ ಇವು ನಾಶವಾಗುವುದಿಲ್ಲ. ರಕ್ತಕ್ಕೆ ಸೇರಿದರೆ ನಡುಕದೊಂದಿಗೆ ಜ್ವರ ಬರಬಹುದು, ರಕ್ತದೊತ್ತಡ ಕುಸಿಯಬಹುದು, ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಆದುದರಿಂದ ಪ್ರತಿ ಬ್ಯಾಚನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಬೇರೆ ದಾರಿಯಿಲ್ಲ. ಹಾಸಿಗೆಯ ಪಕ್ಕದಲ್ಲಿ ನಿಂತ ದಾದಿಯರಾಗಲಿ ವೈದ್ಯರಾಗಲಿ ಬರಿಗಣ್ಣಿನಿಂದ ಈ ದೋಷವನ್ನು ಕಾಣಲಾರರು. ಅವರ ಮೇಲೆ ಕೈಮಾಡುವುದರಿಂದ ಯಾವ ತಾಯಿಯ ಪ್ರಾಣವೂ ಉಳಿಯುವುದಿಲ್ಲ ಎಂಬುದನ್ನು ನಮ್ಮ ಬಂಧುಗಳು ನೆನಪಿಡಬೇಕು.

ಎರಡು ಪ್ರಯೋಗಾಲಯ, ಎರಡು ಉತ್ತರ

ಹಾಗಾದರೆ ಪರೀಕ್ಷೆ ನಡೆದಿರಲಿಲ್ಲವೇ? ನಡೆದಿತ್ತು. ಈ ಪ್ರಕರಣದ ತಿರುಳು ಇರುವುದೇ ಅಲ್ಲಿ.

ಸರ್ಕಾರಿ ಆಸ್ಪತ್ರೆಗಳಿಗೆ ಬೇಕಾದ ಔಷಧಗಳನ್ನು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವು ಟೆಂಡರ್ ಮೂಲಕ ಕೊಂಡು ಜಿಲ್ಲಾ ಉಗ್ರಾಣಗಳಿಗೆ ಕಳುಹಿಸುತ್ತದೆ. ಗುಣಮಟ್ಟವನ್ನು ನೋಡುವ ಹೊಣೆ ಆಗ ರಾಜ್ಯದ ಔಷಧ ನಿಯಂತ್ರಣ ಇಲಾಖೆಯದಾಗಿತ್ತು. ಈ ದ್ರಾವಣದ ಹಲವು ಬ್ಯಾಚುಗಳು ಉತ್ತಮ ಗುಣಮಟ್ಟದವಲ್ಲ ಎಂದು ರಾಜ್ಯದ ಪ್ರಯೋಗಾಲಯ ವರದಿ ಕೊಟ್ಟಿತ್ತು. ಆದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯ ಪ್ರಕಾರ ತಯಾರಕರು ಇಂಥ ವರದಿಯನ್ನು ಪ್ರಶ್ನಿಸಬಹುದು. ಆಗ ಮಾದರಿಯು ಕೊಲ್ಕತ್ತದಲ್ಲಿರುವ ಕೇಂದ್ರೀಯ ಔಷಧ ಪ್ರಯೋಗಾಲಯಕ್ಕೆ ಹೋಗುತ್ತದೆ, ಅಲ್ಲಿನ ವರದಿಯೇ ಅಂತಿಮವಾಗುತ್ತದೆ. ಕೇಂದ್ರದ ಪ್ರಯೋಗಾಲಯವು ಕೆಲವು ಬ್ಯಾಚುಗಳನ್ನು ಗುಣಮಟ್ಟವುಳ್ಳವೆಂದು ಹೇಳಿತು. ತಡೆಹಿಡಿದಿದ್ದ ದಾಸ್ತಾನಿನ ಒಂದು ಭಾಗ ಮತ್ತೆ ಆಸ್ಪತ್ರೆಗಳ ಕಡೆಗೆ ಹೊರಟಿತು.

ಒಂದೇ ಕಾರ್ಖಾನೆಯ ಸರಕು ರಾಜ್ಯದ ಕಣ್ಣಿಗೆ ಕೆಟ್ಟದ್ದು, ಕೇಂದ್ರದ ಕಣ್ಣಿಗೆ ಒಳ್ಳೆಯದು. ನಮ್ಮ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿವೆ, ಔಷಧಗಳು ಸಮವರ್ತಿ ಪಟ್ಟಿಯಲ್ಲಿವೆ. ಹೀಗಾಗಿ ಅನಾಹುತವಾದಾಗ ರಾಜ್ಯವು ಕೇಂದ್ರದತ್ತಲೂ ಕೇಂದ್ರವು ರಾಜ್ಯದತ್ತಲೂ ಬೆರಳು ತೋರಲು ಅವಕಾಶವಿದೆ. ಬಳ್ಳಾರಿಯ ವಿಷಯದಲ್ಲಿಯೂ ನಮ್ಮ ಆರೋಗ್ಯ ಸಚಿವರು ಕೇಂದ್ರ ಆರೋಗ್ಯ ಸಚಿವರಿಗೆ ಪತ್ರ ಬರೆದು ತನಿಖೆಗೆ ಕೋರಿದರು. ಆ ಬಳಿಕ ಡಿಸೆಂಬರಿನಲ್ಲಿ ಪಶ್ಚಿಮ ಬಂಗಾಳದ ಔಷಧ ನಿಯಂತ್ರಣ ಅಧಿಕಾರಿಗಳು ಆ ಕಾರ್ಖಾನೆಯ ಉತ್ಪಾದನೆಯನ್ನು ನಿಲ್ಲಿಸುವಂತೆ ಆದೇಶಿಸಿದರು. 2025ರ ಜನವರಿಯಲ್ಲಿ ಅದೇ ರಾಜ್ಯದ ಮಿಡ್ನಾಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಹೆರಿಗೆಯ ನಂತರ ತಾಯಂದಿರು ಅಸ್ವಸ್ಥರಾಗಿ ಒಬ್ಬರು ತೀರಿಕೊಂಡಾಗ ಅಲ್ಲಿಯೂ ಇದೇ ಸಂಸ್ಥೆಯ ದ್ರಾವಣದ ಪ್ರಶ್ನೆ ಎದ್ದಿತು. ಅಲ್ಲಿನ ಸರ್ಕಾರ ವೈದ್ಯರ ನಿರ್ಲಕ್ಷ್ಯವನ್ನು ಮುಂದಿಟ್ಟು ಹನ್ನೆರಡು ಮಂದಿ ವೈದ್ಯರನ್ನು ಅಮಾನತು ಮಾಡಿತು.

ಸದನದ ಕೈಯಲ್ಲಿರುವ ಸಾಧನಗಳು

ಸದನವೆಂದರೆ ಗದ್ದಲ, ಸಭಾತ್ಯಾಗ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ದೂರದರ್ಶನದಲ್ಲಿ ಕಾಣುವುದು ಅಷ್ಟೇ ಆದುದರಿಂದ ಇದು ಸಹಜ. ನಿಜವಾದ ವಿಚಾರಣೆ ನಡೆಯುವುದು ಬಹುಮಟ್ಟಿಗೆ ಕಾಗದದ ಮೇಲೆ.

ಮೊದಲನೆಯದು ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿಯೇ ಎದ್ದುನಿಂತು ಉತ್ತರಿಸಬೇಕು, ಅದಕ್ಕೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ತುರ್ತು ವಿಷಯಕ್ಕೆ ಗಮನ ಸೆಳೆಯುವ ಸೂಚನೆ, ನಿಲುವಳಿ ಸೂಚನೆಗಳಿವೆ. ಎರಡನೆಯದು ಲೆಕ್ಕ. ಸಂವಿಧಾನದ 151ನೆಯ ವಿಧಿಯ ಪ್ರಕಾರ ಮಹಾಲೇಖಪಾಲರ ವರದಿಯನ್ನು ರಾಜ್ಯಪಾಲರು ಶಾಸನಸಭೆಯ ಮುಂದಿಡಿಸುತ್ತಾರೆ. ಔಷಧ ಕೊಳ್ಳಲು ಎಷ್ಟು ಹಣ ಹೋಯಿತು, ಅವಧಿ ಮೀರಿ ಎಷ್ಟು ಹಾಳಾಯಿತು, ಯಾವ ಆಸ್ಪತ್ರೆಯಲ್ಲಿ ಯಂತ್ರವಿದ್ದೂ ನಡೆಸುವವರಿಲ್ಲ ಎಂಬಂಥ ಸಂಗತಿಗಳು ಬೆಳಕಿಗೆ ಬರುವುದು ಇಂಥ ವರದಿಗಳಿಂದ. ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಅದನ್ನು ಹಿಡಿದು ಅಧಿಕಾರಿಗಳನ್ನು ಕರೆಸಿ ವಿಚಾರಿಸುತ್ತದೆ. ಈ ಸಮಿತಿಗೆ ವಿರೋಧ ಪಕ್ಷದವರು ಅಧ್ಯಕ್ಷರಾಗುವುದು ವಾಡಿಕೆ. ಮೂರನೆಯದು ಸರ್ಕಾರಿ ಭರವಸೆಗಳ ಸಮಿತಿ. ‘ಕ್ರಮ ಕೈಗೊಳ್ಳಲಾಗುವುದು’ ಎಂದು ಸಚಿವರು ಸದನದಲ್ಲಿ ಹೇಳಿದ ಮಾತು ನಡೆಯಿತೇ ಇಲ್ಲವೇ ಎಂದು ನೋಡುವುದು ಅದರ ಕೆಲಸ. ನಾಲ್ಕನೆಯದು ಅರ್ಜಿಗಳ ಸಮಿತಿ. ಸಾಮಾನ್ಯ ಪ್ರಜೆಯ ಅಹವಾಲು ಶಾಸಕರ ಮೂಲಕ ಸದನವನ್ನು ಮುಟ್ಟುವ ದಾರಿ ಇದು.

ಈ ಸಾಧನಗಳು ಚುರುಕಾಗಿ ಕೆಲಸ ಮಾಡಿದ ಉದಾಹರಣೆಗಳಿವೆ. 2012ರ ಮೇ ತಿಂಗಳಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿಯು ತನ್ನ 59ನೆಯ ವರದಿಯಲ್ಲಿ ದೇಶದ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯನ್ನೇ ಒರೆಗೆ ಹಚ್ಚಿತು. ಸಮಿತಿ 42 ಔಷಧಗಳ ಕಡತಗಳನ್ನು ಕೇಳಿದಾಗ ಮೂರು ಔಷಧಗಳ ಕಡತಗಳು ಸಿಗಲೇ ಇಲ್ಲ. ಭಾರತೀಯ ರೋಗಿಗಳ ಮೇಲೆ ಪ್ರಯೋಗ ನಡೆಸದೆಯೇ ಹಲವು ಔಷಧಗಳಿಗೆ ಒಪ್ಪಿಗೆ ದೊರೆತಿತ್ತು. ಆ ಸಂಸ್ಥೆಯು ದಶಕಗಳಿಂದ ಔಷಧೋದ್ಯಮದ ಅನುಕೂಲವನ್ನು ಮುಂದಿಟ್ಟು ರೋಗಿಯ ಹಿತವನ್ನು ಹಿಂದಿಟ್ಟಿದೆ ಎಂದು ಸಮಿತಿ ನೇರವಾಗಿ ಬರೆಯಿತು. ಆಡಳಿತ ಪಕ್ಷ, ವಿರೋಧ ಪಕ್ಷಗಳೆರಡರ ಸದಸ್ಯರೂ ಇದ್ದ ಸಮಿತಿ ಹೀಗೆ ಹೇಳಿತೆಂಬುದು ಗಮನಾರ್ಹ.

ಹೊರದೇಶದ ನಿದರ್ಶನವೊಂದನ್ನೂ ನೋಡೋಣ. 2022ರಲ್ಲಿ ಆಫ್ರಿಕದ ಪುಟ್ಟ ದೇಶ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಭಾರತದಿಂದ ಹೋದ ಕೆಮ್ಮಿನ ಔಷಧದ ಮೇಲೆ ಶಂಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ಅಕ್ಟೋಬರಿನಲ್ಲಿ ಎಚ್ಚರಿಕೆ ಕೊಟ್ಟಿತು. ಅಲ್ಲಿನ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿ ಡಿಸೆಂಬರಿನಲ್ಲಿಯೇ ವರದಿ ಕೊಟ್ಟು, ತಯಾರಕರ ಮೇಲೆ ಮೊಕದ್ದಮೆ ಹೂಡುವಂತೆ ಶಿಫಾರಸು ಮಾಡಿತು. ಭಾರತ ಸರ್ಕಾರವಾದರೋ ತಾನು ಪರೀಕ್ಷಿಸಿದ ಮಾದರಿಗಳು ಸರಿಯಾಗಿವೆ ಎಂದಿತು. ಇಲ್ಲಿಯೂ ಎರಡು ಪ್ರಯೋಗಾಲಯ, ಎರಡು ಉತ್ತರ.

ವಿಚಾರಣೆ ಎಲ್ಲಿ ಸೋಲುತ್ತದೆ?

ಸದನವು ತನ್ನ ಕಣ್ಣಿನಿಂದ ಆಸ್ಪತ್ರೆಯನ್ನು ನೋಡುವುದು ಅಪರೂಪ. 2020ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಕೋವಿಡ್ ಉಪಕರಣಗಳ ಖರೀದಿಯ ಸತ್ಯಾಸತ್ಯವನ್ನು ಸ್ಥಳಕ್ಕೇ ಹೋಗಿ ನೋಡಲು ಹೊರಟಿತ್ತು. ಆ ಹೊತ್ತಿಗೆ ವಿಧಾನಮಂಡಲದ ಸಮಿತಿಗಳು ಸ್ಥಳಪರಿಶೀಲನೆಗೆ ಹೋಗಬಾರದೆಂದು ವಿಧಾನಸಭಾಧ್ಯಕ್ಷರು ಆದೇಶಿಸಿದರು. ಸೋಂಕಿನ ಕಾಲವೆಂಬ ಕಾರಣವಿತ್ತಾದರೂ ಸಮಿತಿ ಹೋಗಲಾಗಲಿಲ್ಲ. ಹೀಗಾಗಿ ಸದನ ನೋಡುವುದೆಲ್ಲ ಕೆಳಗಿನಿಂದ ಬಂದ ಕಡತದ ಮೂಲಕ. ಕಡತದಲ್ಲಿ ಇಲ್ಲದ್ದು ಸದನಕ್ಕೆ ಕಾಣುವುದಿಲ್ಲ.

ಚಾಮರಾಜನಗರದ ದುರಂತ ಇದಕ್ಕೆ ಸಾಕ್ಷಿ. 2021ರ ಮೇ 2ರ ರಾತ್ರಿಯಿಂದ ಮರುದಿನದವರೆಗೆ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಕೋವಿಡ್ ರೋಗಿಗಳು ಮೃತಪಟ್ಟರು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ ಎಂದು ಮೊದಲು ಸರ್ಕಾರದ ಕಡೆಯಿಂದ ಹೇಳಿಕೆ ಬಂತು. ಉಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ಆಮ್ಲಜನಕದ ಕೊರತೆಯನ್ನು ಎತ್ತಿ ತೋರಿತು. ಇಷ್ಟಾದ ಮೇಲೆ ಅದೇ ವರ್ಷದ ಜುಲೈ 20ರಂದು ರಾಜ್ಯಸಭೆಯಲ್ಲಿ ಪ್ರಶ್ನೆ ಬಂದಾಗ ಕೇಂದ್ರ ಸರ್ಕಾರ ಕೊಟ್ಟ ಲಿಖಿತ ಉತ್ತರವೇನು? ಎರಡನೆಯ ಅಲೆಯಲ್ಲಿ ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆಯೆಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬುದು. ದೇಶದಾದ್ಯಂತ ಜನ ಕಣ್ಣಾರೆ ಕಂಡಿದ್ದರು. ಆದರೆ ಮರಣದ ಕಾರಣವನ್ನು ಬರೆಯುವ ಕಾಗದದಲ್ಲಿ ಅದು ದಾಖಲಾಗಿರಲಿಲ್ಲ. ಪ್ರಶ್ನೆ ಸರಿಯಾಗಿತ್ತು, ಉತ್ತರ ಕಾಗದಕ್ಕೆ ತಕ್ಕಂತಿತ್ತು, ಸತ್ಯ ಎರಡರ ನಡುವೆ ಕಳೆದುಹೋಗಿತ್ತು.

ನಮ್ಮ ನೆರೆಯ ತುಮಕೂರಿನ ಪ್ರಸಂಗವನ್ನೂ ಮರೆಯುವಂತಿಲ್ಲ. 2022ರ ನವೆಂಬರಿನಲ್ಲಿ ದಿಕ್ಕಿಲ್ಲದ ಗರ್ಭಿಣಿಯೊಬ್ಬರು ಹೆರಿಗೆ ನೋವಿನಿಂದ ಜಿಲ್ಲಾಸ್ಪತ್ರೆಗೆ ಬಂದರು. ತಾಯಿ ಕಾರ್ಡ್ ಮತ್ತು ಆಧಾರ್ ಇಲ್ಲವೆಂದು ಅವರನ್ನು ದಾಖಲು ಮಾಡಿಕೊಳ್ಳಲಿಲ್ಲವೆಂಬ ದೂರು ಬಂತು. ಅವರು ಮನೆಯಲ್ಲಿಯೇ ಅವಳಿ ಮಕ್ಕಳನ್ನು ಹೆತ್ತು, ಮಕ್ಕಳೊಂದಿಗೆ ಪ್ರಾಣಬಿಟ್ಟರು. ವೈದ್ಯರು ಮತ್ತು ದಾದಿಯರು ಅಮಾನತಾದರು, ತುರ್ತು ಸ್ಥಿತಿಯಲ್ಲಿ ದಾಖಲೆ ಕೇಳಬಾರದೆಂದು ಸರ್ಕಾರ ಹೇಳಿತು. ಆ ದಿನ ನೆರೆಹೊರೆಯವರು ಸದ್ದು ಮಾಡದೇ ಇದ್ದಿದ್ದರೆ ಈ ಸಾವೂ ಯಾವ ಕಡತವನ್ನೂ ಸೇರುತ್ತಿರಲಿಲ್ಲ.

ಅಮಾನತಿಗಿಂತ ದೊಡ್ಡ ಕೆಲಸ

ಬಳ್ಳಾರಿಯ ಪ್ರಕರಣದಿಂದ ಆದ ಒಂದು ಒಳಿತನ್ನು ಹೇಳಲೇಬೇಕು. ರಾಜ್ಯದಲ್ಲಿ ನಡೆದ ಪ್ರತಿ ಬಾಣಂತಿ ಸಾವಿನ ಕಾರಣವನ್ನೂ ಪರಿಶೀಲಿಸುವ ಕೆಲಸಕ್ಕೆ ಸರ್ಕಾರ ಕೈಹಾಕಿತು. 2024ರ ಏಪ್ರಿಲಿನಿಂದ ಡಿಸೆಂಬರಿನವರೆಗೆ ಸಂಭವಿಸಿದ 464 ಸಾವುಗಳನ್ನು ಪರಿಶೀಲಿಸಲಾಯಿತು. ಇವುಗಳಲ್ಲಿ ಶೇಕಡ 70ಕ್ಕೂ ಹೆಚ್ಚಿನವನ್ನು ತಪ್ಪಿಸಬಹುದಾಗಿತ್ತು ಎಂಬುದು ಹೊರಬಂದ ಸತ್ಯ.

ಈ ಮಾತನ್ನು ನಾವು ಒಂದು ಗಳಿಗೆ ನಿಂತು ಯೋಚಿಸಬೇಕು. ಬಳ್ಳಾರಿಯ ಐವರ ಹೆಸರಿನಲ್ಲಿ ಸದನ ಗದ್ದಲವೆದ್ದಿತು. ಉಳಿದ ನೂರಾರು ತಾಯಂದಿರು ಒಬ್ಬೊಬ್ಬರಾಗಿ, ಬೇರೆ ಬೇರೆ ಊರುಗಳಲ್ಲಿ, ಸದ್ದಿಲ್ಲದೆ ಹೋದರು. ಜಗತ್ತಿನೆಲ್ಲೆಡೆ ಬಾಣಂತಿಯರ ಪ್ರಾಣ ತೆಗೆಯುವ ಮುಖ್ಯ ಕಾರಣಗಳೆಂದರೆ ಅತಿ ರಕ್ತಸ್ರಾವ, ಏರಿದ ರಕ್ತದೊತ್ತಡ, ನಂಜು. ಇವುಗಳ ಜೊತೆಗೆ ಗರ್ಭಿಣಿಯ ರಕ್ತಹೀನತೆ ಮತ್ತು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಡಿಸುವ ವಿಳಂಬ ಸೇರಿಕೊಳ್ಳುತ್ತವೆ. 2018–20ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರು. ಆಂಧ್ರಪ್ರದೇಶದಲ್ಲಿ 45, ತೆಲಂಗಾಣದಲ್ಲಿ 43, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚಿನ ಸಂಖ್ಯೆ.

ಕೇರಳದ ಸಾಧನೆಯ ಹಿಂದೆ ಹಲವು ಕಾರಣಗಳಿವೆ. ಅವುಗಳಲ್ಲಿ ಒಂದು ನಮಗೆ ಪಾಠವಾಗಬೇಕು. ಅಲ್ಲಿನ ಪ್ರಸೂತಿ ತಜ್ಞರ ಸಂಘವು 2004ರಿಂದ ಪ್ರತಿಯೊಂದು ಬಾಣಂತಿ ಸಾವನ್ನೂ ಗೋಪ್ಯವಾಗಿ ವಿಮರ್ಶಿಸುವ ಪದ್ಧತಿಯನ್ನು ತಂದಿತು. ತಾಯಿಯ ಹೆಸರಾಗಲಿ ವೈದ್ಯರ ಹೆಸರಾಗಲಿ ಅಲ್ಲಿ ಬರುವುದಿಲ್ಲ. ಯಾರು ತಪ್ಪಿದರು ಎಂದು ಕೇಳದೆ, ಎಲ್ಲಿ ತಪ್ಪಿತು ಎಂದು ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಇಂಥ ವಿಮರ್ಶೆ 1952ರಿಂದಲೇ ನಡೆದುಬಂದಿದೆ. ಶಿಕ್ಷೆಯ ಭಯವಿಲ್ಲದಿರುವುದರಿಂದ ವೈದ್ಯರು ನಿಜವನ್ನು ಬರೆಯುತ್ತಾರೆ, ನಿಜ ತಿಳಿದುದರಿಂದ ಮುಂದಿನ ತಾಯಿ ಉಳಿಯುತ್ತಾಳೆ. ನಮ್ಮಲ್ಲಿ ಅಮಾನತು ಬೇಗ ಆಗುತ್ತದೆ, ತಿದ್ದುಪಡಿ ತಡವಾಗುತ್ತದೆ. ಉದ್ದೇಶಪೂರ್ವಕವಾಗಿ ಕಳಪೆ ಸರಕು ಮಾರಿದವರಿಗೆ, ತಿಳಿದೂ ಕಣ್ಣುಮುಚ್ಚಿದವರಿಗೆ ಶಿಕ್ಷೆ ಆಗಲೇಬೇಕು. ಆದರೆ ರಾತ್ರಿಯಿಡೀ ದುಡಿದ ದಾದಿಯನ್ನು ಮನೆಗೆ ಕಳುಹಿಸಿ ಕೈತೊಳೆದುಕೊಂಡರೆ ಆ ಬಾಟಲಿ ಬಂದ ದಾರಿ ಹಾಗೆಯೇ ತೆರೆದಿರುತ್ತದೆ.

ದಾಬಸ್‌ಪೇಟೆಯ ನಾವು ಮಾಡಬಹುದಾದದ್ದು

ಈಗ ಆ ತಾಯಿಯ ಪ್ರಶ್ನೆಗೆ ಮರಳೋಣ. ನಮ್ಮ ಭಾಗದ ಗರ್ಭಿಣಿಯರು ಹೆರಿಗೆಗೆ ನೆಲಮಂಗಲಕ್ಕೋ ತುಮಕೂರಿಗೋ ಹೋಗುತ್ತಾರೆ, ಕಷ್ಟದ ಹೆರಿಗೆಯಾದರೆ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೂ ಕಳುಹಿಸುತ್ತಾರೆ. ಹೆದ್ದಾರಿಯ ಪಕ್ಕದಲ್ಲಿದ್ದೇವೆಂಬ ಧೈರ್ಯದಿಂದ ಕಡೆಯ ಗಳಿಗೆಯವರೆಗೆ ಕಾಯುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ಮೊದಲು ಬಿಡಬೇಕು.

ಗರ್ಭ ನಿಂತ ಕೂಡಲೇ ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಿರಿ. ಕನಿಷ್ಠ ನಾಲ್ಕು ಬಾರಿ ತಪಾಸಣೆ ಆಗಲಿ. ಪ್ರತಿ ಬಾರಿಯೂ ಹಿಮೋಗ್ಲೋಬಿನ್ ಎಷ್ಟು, ರಕ್ತದೊತ್ತಡ ಎಷ್ಟು ಎಂದು ಕೇಳಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಕಬ್ಬಿಣಾಂಶದ ಮಾತ್ರೆಯನ್ನು ಬಿಡದೆ ನುಂಗಲಿ. ಯಾವ ಆಸ್ಪತ್ರೆಗೆ ಹೋಗುವುದು, ರಕ್ತ ಬೇಕಾದರೆ ಕೊಡುವವರು ಯಾರು ಎಂಬುದನ್ನು ಎಂಟನೆಯ ತಿಂಗಳಲ್ಲಿಯೇ ಮನೆಯವರು ಕುಳಿತು ತೀರ್ಮಾನಿಸಲಿ. ವಾಹನಕ್ಕೆ 108, ಸಲಹೆಗೂ ದೂರಿಗೂ 104 ಎಂಬ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಿ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ ಎಲ್ಲವೂ ಉಚಿತ. ಹಣ ಕೇಳಿದರೆ ರಸೀದಿ ಕೇಳಿ.

ಹೆರಿಗೆಯ ನಂತರ ಜೊತೆಯಲ್ಲಿ ಇರುವವರು ಕೆಲವು ಲಕ್ಷಣಗಳನ್ನು ಗಮನಿಸುತ್ತಿರಬೇಕು. ನಡುಕದೊಂದಿಗೆ ಜ್ವರ, ಮೂತ್ರ ಕಡಿಮೆಯಾಗುವುದು ಅಥವಾ ನಿಲ್ಲುವುದು, ಉಸಿರಾಟದ ತೊಂದರೆ, ಬಟ್ಟೆ ಬಟ್ಟೆ ತೋಯುವಷ್ಟು ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮಾತು ತಡವರಿಸುವುದು ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ದಾದಿಯರಿಗೆ ತಿಳಿಸಿ. ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಎಂಬ ಹಿರಿಯರ ಮಾತಿಗೆ ಕಾಯಬೇಡಿ. ಹಾಕಿದ ಬಾಟಲಿಯ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುತ್ತವೆ. ವಿನಯದಿಂದ ಕೇಳಿ ಅವನ್ನು ಬರೆದುಕೊಳ್ಳುವುದು ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದು ತಪ್ಪಲ್ಲ. ಮುಂದೆ ತೊಂದರೆಯಾದರೆ ವೈದ್ಯರಿಗೂ ಅದು ನೆರವಾಗುತ್ತದೆ. ಹಾಗೆಂದು ಹೆದರಿ ದ್ರಾವಣವನ್ನೇ ನಿರಾಕರಿಸುವುದು ಪ್ರಾಣಾಪಾಯಕರ. ಬಿಡುಗಡೆಯಾಗುವಾಗ ಚಿಕಿತ್ಸೆಯ ವಿವರಪತ್ರವನ್ನು ತಪ್ಪದೆ ಪಡೆದು ಜೋಪಾನವಾಗಿಡಿ.

ಇನ್ನು, ಯಾರನ್ನು ಕೇಳಬೇಕು ಎಂಬುದಕ್ಕೆ ಉತ್ತರ. ನಮ್ಮ ಆಸ್ಪತ್ರೆಗೆ ಯಾವ ಬ್ಯಾಚಿನ ಔಷಧ ಬಂದಿದೆ, ಪರೀಕ್ಷಾ ವರದಿ ಏನಿದೆ ಎಂದು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳನ್ನು ಲಿಖಿತವಾಗಿ ಕೇಳಬಹುದು. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯಲ್ಲಿ ಈ ವಿಷಯವನ್ನು ಎತ್ತಬಹುದು. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನಗಳಲ್ಲಿ ಉತ್ತರ ಕೊಡಬೇಕು, ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳಲ್ಲಿ. ಅಲ್ಲಿಯೂ ಸಮಾಧಾನವಾಗದಿದ್ದರೆ ನೆಲಮಂಗಲ ಕ್ಷೇತ್ರದ ಶಾಸಕರಿಗೆ ವಿಧಾನಸಭೆಯಲ್ಲಿ ಪ್ರಶ್ನೆ ಕೇಳುವಂತೆಯೂ, ನೆಲಮಂಗಲವನ್ನು ಒಳಗೊಂಡ ಚಿಕ್ಕಬಳ್ಳಾಪುರ ಕ್ಷೇತ್ರದ ಸಂಸದರಿಗೆ ಲೋಕಸಭೆಯಲ್ಲಿ ಕೇಳುವಂತೆಯೂ ಪತ್ರ ಬರೆಯಬಹುದು. ಪತ್ರದಲ್ಲಿ ಸಿಟ್ಟಿಗಿಂತ ವಿವರ ಇರಲಿ. ದಿನಾಂಕ, ವಾರ್ಡು, ಬ್ಯಾಚ್ ಸಂಖ್ಯೆ, ಯಾರಿಗೆ ದೂರು ಕೊಟ್ಟಿರಿ, ಏನು ಉತ್ತರ ಬಂತು ಎಂಬುದು ಇರಲಿ. ಅಂಥ ಒಂದು ಪತ್ರ ಕೈಯಲ್ಲಿದ್ದರೆ ಸದಸ್ಯರ ಪ್ರಶ್ನೆಗೆ ಬಲ ಬರುತ್ತದೆ, ಸಚಿವರು ‘ವರದಿಯಾಗಿಲ್ಲ’ ಎಂದು ಹೇಳಲಾಗುವುದಿಲ್ಲ.

ಕೊನೆಯದಾಗಿ, ಅತಿ ಕಷ್ಟದ ಮಾತು. ದುರದೃಷ್ಟವಶಾತ್ ಮನೆಯಲ್ಲಿ ಸಾವು ಸಂಭವಿಸಿದರೆ ದುಃಖದ ನಡುವೆಯೂ 21 ದಿನಗಳೊಳಗೆ ಮರಣ ನೋಂದಣಿ ಮಾಡಿಸಿ, ಕಾರಣದ ಕಲಮಿನಲ್ಲಿ ಏನು ಬರೆದಿದ್ದಾರೆಂದು ಓದಿ. ಬಾಣಂತಿ ಸಾವಿನ ಪರಿಶೀಲನೆಗೆಂದು ಆರೋಗ್ಯ ಸಿಬ್ಬಂದಿ ಮನೆಗೆ ಬಂದರೆ ‘ಹೋದವಳು ಹೋದಳು’ ಎಂದು ಬಾಗಿಲು ಮುಚ್ಚಬೇಡಿ. ನಡೆದದ್ದನ್ನು ನಡೆದಂತೆ ಹೇಳಿ. ಹೋದ ಜೀವ ಬರುವುದಿಲ್ಲ ನಿಜ. ಆದರೆ ಆ ಹೇಳಿಕೆಯೇ ಮುಂದೊಂದು ದಿನ ಬೇರೊಬ್ಬ ತಾಯಿಯನ್ನು ಉಳಿಸುವ ಕಾಗದವಾಗುತ್ತದೆ.

ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಕುಲ, ಕಸುಬು, ಹೆಣ್ಣು, ಗಂಡೆಂಬ ಭೇದವಿಲ್ಲದೆ ಯಾರು ಬೇಕಾದರೂ ಎದ್ದುನಿಂತು ಪ್ರಶ್ನಿಸಬಹುದಾಗಿತ್ತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಪ್ರಶ್ನೆ ಕೇಳುವುದು ಅಲ್ಲಿ ಉದ್ಧಟತನವಾಗಿರಲಿಲ್ಲ. ಸರ್ಕಾರಿ ಆಸ್ಪತ್ರೆ ನಮ್ಮೆಲ್ಲರ ಬೆವರಿನ ಹಣದಿಂದ ನಡೆಯುವ ದಾಸೋಹ. ದಾಸೋಹದ ಅಡುಗೆಯಲ್ಲಿ ಹರಳು ಸಿಕ್ಕರೆ ಬಡಿಸಿದವರನ್ನು ನಾವು ಬೈಯುವುದಿಲ್ಲ. ಸುಮ್ಮನೆ ನುಂಗುವುದೂ ಇಲ್ಲ. ಮುಂದಿನ ಪಂಕ್ತಿಯವರಿಗೆ ಸಿಗದಿರಲೆಂದು ಉಗ್ರಾಣದವರಿಗೆ ತಿಳಿಸುತ್ತೇವೆ. ಆಸ್ಪತ್ರೆಯ ವಿಷಯದಲ್ಲಿಯೂ ಭಕ್ತರ ನಡೆ ಹಾಗೆಯೇ ಇರಲಿ.

ಆ ತಾಯಿಗೆ ನಾವು ಹೇಳುವುದಿಷ್ಟು: ತಾಯೀ, ನೀವು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಅದನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಬನ್ನಿ. ಬರೆಯಲು ಬಾರದಿದ್ದರೆ ಮುಂದಿನ ಗೋಷ್ಠಿಯ ದಿನ ನಮ್ಮೊಡನೆ ಕುಳಿತುಕೊಳ್ಳಿ, ನಾವು ಬರೆದುಕೊಡುತ್ತೇವೆ. ನಿಮ್ಮ ಮಗಳು ಸುಖವಾಗಿ ಹೆತ್ತು, ಕೂಸನ್ನು ಎತ್ತಿಕೊಂಡು ಮಠಕ್ಕೆ ಬರಲಿ.